ಫಿಸ್ಕೆ–ಸುಬ್ಬರಾವ್ ಮೆಥಡ್ಡಿನ ಸುಬ್ಬರಾಯರು

ಮುಂಬಯಿಯ ಪರೇಲ್ ಕಡೆಯ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಮೂವತ್ತಾರು ವರ್ಷ ಕೆಲಸ ಮಾಡಿದೆ. 1976ರಲ್ಲಿ ಸೇರಿದಾಗ ಈಗಿನ ಹಾಗೆ ರಕ್ತದ ಕೊಳವೆ ಇಟ್ಟ ಕೂಡಲೇ ಇಪ್ಪತ್ತು ರಿಪೋರ್ಟು ಉಗುಳುವ ಯಂತ್ರಗಳು ನಮ್ಮಲ್ಲಿ ಇರಲಿಲ್ಲ. ಎಲ್ಲ ಟೆಸ್ಟೂ ಕೈಯಲ್ಲೇ. ಒಂದೊಂದು ಟೆಸ್ಟಿಗೂ ಒಬ್ಬೊಬ್ಬ ಪುಣ್ಯಾತ್ಮನ ಹೆಸರು. ಸಕ್ಕರೆಗೆ ಫೋಲಿನ್–ವೂ, ಕ್ರಿಯಾಟಿನಿನ್‌ಗೆ ಜಾಫೆ, ಆಲ್ಕಲೈನ್ ಫಾಸ್ಫಟೇಸ್‌ಗೆ ಕಿಂಗ್–ಆರ್ಮ್‌ಸ್ಟ್ರಾಂಗ್. ಈ ಪಟ್ಟಿಯಲ್ಲಿ ನಮ್ಮ ಬೀದಿಯಲ್ಲಿ ಕರೆದರೆ ಯಾರಾದರೂ ಓಗೊಡಬಹುದು ಅನ್ನಿಸುವ ಹೆಸರು ಒಂದೇ ಇತ್ತು. ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್ ಎಷ್ಟಿದೆ ಅಂತ ಅಳೆಯುವ ಫಿಸ್ಕೆ–ಸುಬ್ಬರಾವ್ ಮೆಥಡ್.

ಈ ಸುಬ್ಬರಾವ್ ಯಾರು ಅನ್ನುವ ಬಗ್ಗೆ ಲ್ಯಾಬಿನಲ್ಲಿ ತಮಾಷೆಯ ಚರ್ಚೆ ನಡೆಯುತ್ತಿತ್ತು. ಕುಂದಾಪುರದ ನಮ್ಮ ಸೀನಿಯರ್ ಒಬ್ಬರದು ಒಂದೇ ಹಟ: "ರಾವ್ ಅಂದ ಮೇಲೆ ನಮ್ಮ ಕಡೆಯವರೇ ಮಾರಾಯ್ರೆ. ಹೆಚ್ಚೆಂದರೆ ಉಡುಪಿ, ಅದರಾಚೆ ಇಲ್ಲ." ಪಕ್ಕದ ಮೇಜಿನ ಮರಾಠಿಯವನು ಅದು ರತ್ನಾಗಿರಿಯ ಹೆಸರು ಅನ್ನುತ್ತಿದ್ದ. ಅವರು ಉಡುಪಿಯವರೂ ಅಲ್ಲ, ರತ್ನಾಗಿರಿಯವರೂ ಅಲ್ಲ. ಭೀಮಾವರಂನ ತೆಲುಗರು, ಯಲ್ಲಾಪ್ರಗಡ ಸುಬ್ಬರಾವ್. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾಕ್ಟರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ತೆಲುಗರಿಗೆ ಅವರ ಮೇಲೆ ಅಭಿಮಾನ ಇದೆ. 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತದ ಅಂಚೆ ಇಲಾಖೆ ಒಂದು ಸ್ಟಾಂಪನ್ನೂ ತಂದಿತು. ಅದು ಬಿಟ್ಟರೆ ಉಳಿದವರಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಅವರ ಸಾಧನೆಯ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನನ್ನ ಕುತೂಹಲ ಬೇರೆ. ರೋಗಿ ನೋಡುವ ಡಾಕ್ಟರೊಬ್ಬ ಸ್ಟೆತಾಸ್ಕೋಪ್ ಕೆಳಗಿಟ್ಟು ಮತ್ತೆ ವಿದ್ಯಾರ್ಥಿಯಾಗಿ ಕೂತರೆ ಏನಾಗುತ್ತದೆ? ಏನು ಕಳೆದುಕೊಳ್ಳುತ್ತಾನೆ, ಏನು ಗಳಿಸುತ್ತಾನೆ? ಅದರಿಂದ ರೋಗಿಗೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ? ಸುಬ್ಬರಾಯರ ಬದುಕಿನಲ್ಲಿ ಇದಕ್ಕೆ ಉತ್ತರ ಇದೆ. ಆದರೆ ಅದು ಸುಖವಾದ ಉತ್ತರ ಅಲ್ಲ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿಗೆ ಸಂಶೋಧನೆಗೆಂದು ಮೇಲಿನ ವಾರ್ಡುಗಳಿಂದ ಡಾಕ್ಟರುಗಳು ಇಳಿದು ಬರುತ್ತಿದ್ದರು. ಹೆಚ್ಚಿನವರು ಎಂ.ಡಿ. ಥೀಸಿಸ್‌ಗಾಗಿ ಬಂದವರು, ಆರು ತಿಂಗಳಲ್ಲಿ ಮಾಯ. ಪಿಎಚ್.ಡಿ.ಗೆ ಅಂತ ವರ್ಷಗಟ್ಟಲೆ ಬಂದವರು ಒಬ್ಬರು ಮಾತ್ರ. ಧಾರವಾಡ ಕಡೆಯವರು, ಆಗ ನಲವತ್ತು ದಾಟಿತ್ತು, ಒಳ್ಳೆಯ ಪ್ರಾಕ್ಟೀಸು. ಕಿಡ್ನಿ ಕೆಟ್ಟವರ ರಕ್ತದಲ್ಲಿ ಫಾಸ್ಫರಸ್ ಏರಿ ಮೂಳೆ ಹಾಳಾಗುತ್ತದಲ್ಲ, ಅದೇ ಅವರ ವಿಷಯ. ಹಾಗಾಗಿ ನನ್ನ ಮೇಜಿನ ಪಕ್ಕವೇ ಕೂರುತ್ತಿದ್ದರು. ಮೊದಲ ತಿಂಗಳು ಅವರ ಒಂದು ರೀಡಿಂಗೂ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಒಂದು ದಿನ ಪಿಪೆಟ್ ಕೆಳಗಿಟ್ಟು ಅಂದರು:

"ಶೆಟ್ಟರ, ವಾರ್ಡಿನ್ಯಾಗ ನಾ ಅಂದದ್ದು ನಡೀತದ. ಈ ಕೊಳವಿ ಮಾತ್ರ ನನ್ನ ಮಾತು ಕೇಳವಲ್ದು ನೋಡ್ರಿ."

"ನೀವು ದೊಡ್ಡ ಡಾಕ್ಟ್ರು ಅಂತ ಅದಕ್ಕೆ ಗೊತ್ತಿಲ್ಲ ಸರ್" ಅಂದೆ. ಇಬ್ಬರೂ ನಕ್ಕೆವು. ಆದರೆ ಅವರಿಗಾಗುತ್ತಿದ್ದ ಸಂಕಟ ತಮಾಷೆಯದಲ್ಲ. ಡಾಕ್ಟರ ಕೆಲಸ ಅಂದರೆ ಅರ್ಧ ಮಾಹಿತಿಯಲ್ಲೇ ಈಗಿಂದೀಗ ತೀರ್ಮಾನ ಮಾಡುವುದು. ರೋಗಿ ಎದುರಿಗೆ ಒದ್ದಾಡುತ್ತಿರುವಾಗ "ಇನ್ನೂ ಇನ್ನೂರು ಕೇಸು ನೋಡಿ ಹೇಳುತ್ತೇನೆ" ಅನ್ನುವ ಹಾಗಿಲ್ಲ. ಸಂಶೋಧನೆ ಇದಕ್ಕೆ ಪೂರ್ತಿ ತಿರುಗು. ಅಲ್ಲಿ ತೀರ್ಮಾನಕ್ಕೆ ಅವಸರ ಮಾಡಿದವನೇ ಕೆಟ್ಟ. ಹದಿನೈದು ವರ್ಷ ಒಂದು ರೀತಿಯಲ್ಲಿ ಪಳಗಿದ ಬುದ್ಧಿಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಮೇಲೆ ವಾರ್ಡಿನಲ್ಲಿ ರೋಗಿಗಳು "ದೊಡ್ಡ ಡಾಕ್ಟ್ರು ಎಲ್ಲಿ" ಅಂತ ಕೇಳುತ್ತಿರುತ್ತಾರೆ. ಕೆಳಗೆ ಅವರಿಗಿಂತ ಹದಿನೈದು ವರ್ಷ ಚಿಕ್ಕವನಾದ ಗೈಡು "ಇದನ್ನು ಮತ್ತೆ ಮಾಡಿ" ಅನ್ನುತ್ತಾನೆ.

ಸುಬ್ಬರಾಯರೂ ಇದೇ ದಾರಿ ನಡೆದವರು. ಅವರ ಮಟ್ಟಿಗೆ ದಾರಿ ಇನ್ನೂ ಕಡಿದಾಗಿತ್ತು.

ಹುಟ್ಟಿದ್ದು 12 ಜನವರಿ 1895, ಆಗಿನ ಮದರಾಸು ಪ್ರಾಂತ್ಯದ ಭೀಮಾವರಂನಲ್ಲಿ. ತಂದೆ ಕಾಯಿಲೆಯಿಂದ ಬೇಗ ಕೆಲಸ ಬಿಟ್ಟವರು, ಮನೆಯಲ್ಲಿ ಬಡತನ. ಮೆಟ್ರಿಕ್ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ. (ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿ ತಲೆಮೇಲೆ ಕೈಹೊತ್ತು ಕೂತ ತಂದೆತಾಯಿಗಳು ದಯವಿಟ್ಟು ಗಮನಿಸಿ.) ಮದರಾಸಿನಲ್ಲಿ ಕಾಲೇಜು ಓದುವಾಗ ರಾಮಕೃಷ್ಣ ಮಿಷನ್ ಸೇರಿ ಸಂನ್ಯಾಸಿಯಾಗುವ ಮನಸ್ಸಿತ್ತು, ತಾಯಿ ಒಪ್ಪಲಿಲ್ಲ. ವೈದ್ಯನಾಗಿಯೂ ಸೇವೆ ಮಾಡಬಹುದು ಅನ್ನುವ ಸಮಾಧಾನದಲ್ಲಿ ಮೆಡಿಕಲ್ ಸೇರಿದರು. 1919ರಲ್ಲಿ ಮದುವೆಯಾಯಿತು, ಓದಿಗೆ ಮಾವನವರ ಆಸರೆ ಸಿಕ್ಕಿತು.

ಅದು ಗಾಂಧೀಜಿಯ ಕಾಲ. ಸುಬ್ಬರಾಯರು ಆಪರೇಷನ್ ಥಿಯೇಟರಿಗೆ ಖಾದಿಯ ಗೌನು ತೊಟ್ಟು ಹೋದರು. ಸರ್ಜರಿಯ ಇಂಗ್ಲಿಷ್ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಅವರಿಗೆ ಅದು ಸರಿಬರಲಿಲ್ಲ. ಕೊನೆಗೆ ಕೈಗೆ ಬಂದದ್ದು ಪೂರ್ಣ ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಲ್.ಎಂ.ಎಸ್. ಒಂದು ಬಟ್ಟೆಯ ಬೆಲೆ ಇಷ್ಟಾಯಿತು. ಸರ್ಕಾರಿ ವೈದ್ಯ ಸೇವೆಯ ಬಾಗಿಲು ತೆರೆಯಲಿಲ್ಲ. ಮದರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಶರೀರರಚನೆ ಪಾಠ ಹೇಳುವ ಕೆಲಸ ಹಿಡಿದರು.

ಇಷ್ಟರಲ್ಲಿ ಮನೆಯಲ್ಲಿ ನಡೆಯಬಾರದ್ದು ನಡೆದಿತ್ತು. ಒಬ್ಬ ಅಣ್ಣ, ಒಬ್ಬ ತಮ್ಮ, ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಒಂದೇ ರೋಗಕ್ಕೆ ಬಲಿಯಾಗಿದ್ದರು. ಟ್ರಾಪಿಕಲ್ ಸ್ಪ್ರೂ ಅನ್ನುತ್ತಾರೆ. ನಮ್ಮ ಹಳಬರು ಸಂಗ್ರಹಣಿ ಅನ್ನುತ್ತಿದ್ದದ್ದು ಇಂಥದ್ದನ್ನೇ. ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ತೆಳುವಾಗಿ ಮನುಷ್ಯ ಕಡ್ಡಿಯಾಗುತ್ತಾನೆ. ಕಾರಣ ಯಾರಿಗೂ ಗೊತ್ತಿರಲಿಲ್ಲ, ಮದ್ದೂ ಇರಲಿಲ್ಲ. ಡಾಕ್ಟರಾಗಿಯೂ ಏನೂ ಮಾಡಲಾಗದೆ ನಿಂತು ನೋಡುವುದಿದೆಯಲ್ಲ, ಸಂಶೋಧನೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಅಲ್ಲಿಯೇ. ಗೈಡ್ ಕೊಟ್ಟ ಟಾಪಿಕ್ ಅಲ್ಲ, ಮನೆಯ ಸಾವು ಕೊಟ್ಟ ಟಾಪಿಕ್.

ಅಮೆರಿಕಕ್ಕೆ ಹೋಗಿ ಉಷ್ಣವಲಯದ ರೋಗಗಳನ್ನು ಓದಬೇಕು ಅಂತ ಹೊರಟರು. ಮಾವನವರೂ ಕಾಕಿನಾಡದ ಒಂದು ದತ್ತಿಸಂಸ್ಥೆಯೂ ಹಣ ಹೊಂದಿಸಿದವು. ಬೋಸ್ಟನ್ ತಲುಪಿದ್ದು 26 ಅಕ್ಟೋಬರ್ 1923. ಹೆಂಡತಿ ಶೇಷಗಿರಿ ತವರಿನಲ್ಲಿ ಉಳಿದರು.

ಮದರಾಸಿನ ಎಲ್.ಎಂ.ಎಸ್. ಹಿಡಿದುಕೊಂಡು ಅಲ್ಲಿ ಡಾಕ್ಟರಾಗಿ ಕೆಲಸ ಮಾಡುವ ಹಾಗಿರಲಿಲ್ಲ. ಹೊಟ್ಟೆಪಾಡಿಗೆ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ಸೇರಿದರು. ಬಾಗಿಲು ತೆರೆಯುವುದು, ಹಾಸಿಗೆಯ ಚಾದರ ಬದಲಿಸುವುದು, ರೋಗಿಗಳ ಮೂತ್ರದ ಪಾತ್ರೆ ತೊಳೆಯುವುದು. ನಮ್ಮ ಆಸ್ಪತ್ರೆಗಳ ಭಾಷೆಯಲ್ಲಿ ವಾರ್ಡ್‌ಬಾಯ್. ಹಗಲು ಕ್ಲಾಸು.

ಇದನ್ನು ಓದುವ ಮುಂಬಯಿ ಕನ್ನಡಿಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್.ಎಸ್.ಸಿ. ಓದಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಾನೂ ಅವರಲ್ಲೊಬ್ಬ. ನಮಗೆ ಹಗಲು ದುಡಿಮೆ, ರಾತ್ರಿ ಓದು. ಅವರದ್ದು ತಿರುಗಾಮುರುಗಾ, ಅಷ್ಟೇ. ಒಂದು ವ್ಯತ್ಯಾಸ ಮಾತ್ರ ಇದೆ. ನಾವು ಏನೂ ಅಲ್ಲದವರಾಗಿ ಬಂದು ಏನೋ ಒಂದು ಆದೆವು. ಅವರು ಡಾಕ್ಟರಾಗಿ ಹೋಗಿ ವಾರ್ಡ್‌ಬಾಯ್ ಆದರು. ಮೇಲಿಂದ ಕೆಳಗಿಳಿಯುವುದು ಇನ್ನೂ ಕಷ್ಟ.

1924ರಲ್ಲಿ ಹಾರ್ವರ್ಡ್‌ನ ಉಷ್ಣವಲಯ ವೈದ್ಯದ ಡಿಪ್ಲೊಮಾ ಸಿಕ್ಕಿತು. ಅಲ್ಲಿಗೆ ಹಿಂದಿರುಗಿ ಬಂದಿದ್ದರೆ ಮದರಾಸಿನಲ್ಲೊಬ್ಬ ಒಳ್ಳೆಯ ಡಾಕ್ಟರಾಗುತ್ತಿದ್ದರು. ಆದರೆ ಸ್ಪ್ರೂಗೆ ಆ ಡಿಪ್ಲೊಮಾದಲ್ಲೂ ಉತ್ತರ ಇರಲಿಲ್ಲ. ಉತ್ತರ ಬೇಕಾದರೆ ದೇಹದ ರಸಾಯನವನ್ನೇ ಬುಡದಿಂದ ಕಲಿಯಬೇಕು. ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಬಯೋಕೆಮಿಸ್ಟ್ರಿ ವಿಭಾಗಕ್ಕೆ ಹೋದರು. ಅದರ ಮುಖ್ಯಸ್ಥರು ಆಟೊ ಫೋಲಿನ್, ನಮ್ಮ ಸಕ್ಕರೆ ಟೆಸ್ಟಿನ ಫೋಲಿನ್ ಅವರೇ. ಅವರ ವಿಭಾಗದ ಸೈರಸ್ ಫಿಸ್ಕ್ ಅನ್ನುವವರ ಲ್ಯಾಬಿಗೆ ಸುಬ್ಬರಾಯರು ಸೇರಿಕೊಂಡರು. (ಲ್ಯಾಬಿನವರ ಬಾಯಲ್ಲಿ "ಫಿಸ್ಕೆ", ಅವರ ಊರಿನ ಉಚ್ಚಾರ "ಫಿಸ್ಕ್".)

ಸಿಕ್ಕ ಕೆಲಸ ಯಾವುದು? ಸ್ಪ್ರೂ ಅಲ್ಲ. ರಕ್ತ, ಮೂತ್ರಗಳಲ್ಲಿ ಫಾಸ್ಫರಸ್ ಅಳೆಯುವ ಒಂದು ನಂಬಿಕಸ್ಥ ವಿಧಾನ ಬೇಕು, ಅದನ್ನು ಕೂಡಿಸು!

ಅಣ್ಣತಮ್ಮಂದಿರ ಸಾವಿಗೆ ಉತ್ತರ ಹುಡುಕಿ ಏಳು ಸಮುದ್ರ ದಾಟಿದವನ ಕೈಗೆ ಒಂದು ಬಣ್ಣದ ಪರೀಕ್ಷೆ ಕೊಟ್ಟರೆ ಹೇಗಾಗಿರಬೇಡ? ಆದರೆ ಪಿಎಚ್.ಡಿ. ಮಾಡಿದ ಯಾರನ್ನೇ ಕೇಳಿ, ಇದೇ ಕಥೆ. ಹೊರಡುವುದು ಕ್ಯಾನ್ಸರ್ ಗೆಲ್ಲಲು. ಮೂರು ವರ್ಷ ಕಳೆಯುವುದು ಒಂದು ದ್ರಾವಣ ಯಾಕೆ ಕದಡುತ್ತದೆ ಅಂತ ತಿಳಿಯಲು.

ಆ ಬಣ್ಣದ ಪರೀಕ್ಷೆಯನ್ನು ಸ್ವಲ್ಪ ವಿವರಿಸುತ್ತೇನೆ, ನನ್ನ ಅನ್ನದ ಕಸುಬು ಅದು. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿಯಾದ ಸೀರಮ್ಮಿಗೆ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹಾಕಿದರೆ ಪ್ರೋಟೀನೆಲ್ಲ ಮೊಸರಿನ ಹಾಗೆ ಒಡೆಯುತ್ತದೆ. ಸೋಸಿದ ನೀರಿಗೆ ಮಾಲಿಬ್ಡೇಟ್ ಹಾಕಬೇಕು. ಅದು ಫಾಸ್ಫೇಟನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಆಮೇಲೆ ಕಂದು ಬಾಟಲಿಯಲ್ಲಿ ಬೆಳಕಿಗೆ ತೋರದೆ ಇಟ್ಟ ಎ.ಎನ್.ಎಸ್.ಎ. ದ್ರಾವಣ ಒಂದಿಷ್ಟು. ನೋಡನೋಡುತ್ತ ಕೊಳವೆ ನೀಲಿಗೆ ತಿರುಗುತ್ತದೆ. ಫಾಸ್ಫರಸ್ ಹೆಚ್ಚಿದ್ದಷ್ಟೂ ನೀಲಿ ಗಾಢ. ದೊಡ್ಡವರಲ್ಲಿ ನೂರು ಮಿಲಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಇದ್ದರೆ ಸರಿ. ರಕ್ತ ತೆಗೆಯುವಾಗ ಅವಸರ ಮಾಡಿ ಕೆಂಪುಕಣ ಒಡೆದರೆ ಒಳಗಿನ ಫಾಸ್ಫೇಟ್ ಸೋರಿ ಲೆಕ್ಕ ತಪ್ಪುತ್ತದೆ. ಅಂಥ ಸ್ಯಾಂಪಲ್ಲನ್ನು ನಾವು ವಾಪಸು ಕಳಿಸುತ್ತಿದ್ದೆವು, ಇಂಟರ್ನಿಗಳ ಬೈಗುಳ ತಿನ್ನುತ್ತಿದ್ದೆವು.

ಮೊದಲೂ ಇಂಥ ವಿಧಾನಗಳಿದ್ದವು. ಆದರೆ ಬಣ್ಣ ನೆಚ್ಚಿಕೆಯದಾಗಿರಲಿಲ್ಲ. ಕೆಲವು ಬೇಗ ಮಾಸುತ್ತಿದ್ದವು. ಬೇಗ ಬರುವ, ಬಂದ ಮೇಲೆ ನಿಲ್ಲುವ ಬಣ್ಣ ಬೇಕಿತ್ತು. ಅದನ್ನು ಕೊಡುವ ರಾಸಾಯನಿಕ ಹುಡುಕಿ, ಎಲ್ಲ ಪ್ರಮಾಣ ಗೊತ್ತುಮಾಡಿ, 1925ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ತಮ್ಮ ವಿಧಾನವನ್ನು ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದರು. ಅರ್ಧ ಶತಮಾನದ ನಂತರ ಪರೇಲಿನಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ, ಹೆಚ್ಚು ಬದಲಾವಣೆ ಇಲ್ಲದೆ.

ಮುಂದಿನದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಹೊಸ ವಿಧಾನವನ್ನು ಸ್ನಾಯುವಿನ ಮೇಲೆ ಹಾಕಿ ನೋಡಿದರು. ಕೆಲವು ನಿಮಿಷದಲ್ಲಿ ನಿಲ್ಲಬೇಕಾದ ನೀಲಿ ಬಣ್ಣ ನಿಲ್ಲಲಿಲ್ಲ, ಏರುತ್ತಲೇ ಹೋಯಿತು. ಪಕ್ಕದ ಸ್ಟ್ಯಾಂಡರ್ಡ್ ಕೊಳವೆ ಸರಿಯಾಗಿಯೇ ಇದೆ, ಸ್ನಾಯುವಿನದ್ದು ಮಾತ್ರ ಹೀಗೆ. ಆಸ್ಪತ್ರೆ ಲ್ಯಾಬಾಗಿದ್ದರೆ "ಟೆಸ್ಟ್ ಕೆಟ್ಟಿತು, ರಿಪೀಟ್" ಅಂತ ಚೆಲ್ಲಿಬಿಡುತ್ತಿದ್ದೆವು. ಅವಸರದ ಡಾಕ್ಟರಿಗೆ ಬೇಕಾದದ್ದು ಅಂಕಿ, ಆ ಅಂಕಿಯ ನಡತೆ ಅಲ್ಲ. ಅವರು ಚೆಲ್ಲಲಿಲ್ಲ. ಯಾಕೆ ಏರುತ್ತಿದೆ ಅಂತ ಬೆನ್ನು ಹತ್ತಿದರು. ಸ್ನಾಯುವಿನಲ್ಲಿ ಫಾಸ್ಫೇಟನ್ನು ಸಡಿಲವಾಗಿ ಕಟ್ಟಿಕೊಂಡ ಯಾವುದೋ ವಸ್ತು ಇದೆ. ಪರೀಕ್ಷೆಯ ಆಮ್ಲದಲ್ಲೇ ಅದು ನಿಧಾನಕ್ಕೆ ಒಡೆದು ಫಾಸ್ಫೇಟ್ ಬಿಡುತ್ತಿದೆ. ಅದಕ್ಕೇ ಬಣ್ಣ ಏರುತ್ತಿದೆ! ಆ ವಸ್ತು ಫಾಸ್ಫೋಕ್ರಿಯಾಟಿನ್. 1927ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಗಲ್‌ಟನ್ ದಂಪತಿಗಳೂ ಈ ವಸ್ತುವಿನ ಸುಳಿವು ಹಿಡಿದಿದ್ದರು.

ಸ್ನಾಯು ಶಕ್ತಿ ಪಡೆಯುವುದು ಲ್ಯಾಕ್ಟಿಕ್ ಆಮ್ಲದ ಮೂಲಕ ಅನ್ನುವುದು ಆಗಿನ ನಂಬಿಕೆ. ಆ ಕ್ಷೇತ್ರದ ಕೆಲಸಕ್ಕೆ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಕೂಡ ಸಿಕ್ಕಿತ್ತು. ಈ ಹೊಸ ವಸ್ತು ಆ ನಂಬಿಕೆಯ ಬುಡ ಅಲ್ಲಾಡಿಸಿತು. 1929ರಲ್ಲಿ ಇವರಿಬ್ಬರೂ ಸ್ನಾಯುವಿನಿಂದ ಎ.ಟಿ.ಪಿ. ಬೇರ್ಪಡಿಸಿದ್ದನ್ನು ತಿಳಿಸಿದರು. ಜರ್ಮನಿಯಲ್ಲಿ ಲೋಮನ್ ಅವರೂ ಅದೇ ವರ್ಷ, ಸ್ವತಂತ್ರವಾಗಿ. ಜೀವಕೋಶದ ನಾಣ್ಯ ಅಂತ ಇವತ್ತು ಪಿ.ಯು.ಸಿ. ಮಕ್ಕಳು ಬಾಯಿಪಾಠ ಮಾಡುವ ಎ.ಟಿ.ಪಿ.ಯೇ ಇದು.

1930ರಲ್ಲಿ ಸುಬ್ಬರಾಯರಿಗೆ ಪಿಎಚ್.ಡಿ. ಸಿಕ್ಕಿತು. ಬೋಸ್ಟನ್ನಿಗೆ ಇಳಿದು ಏಳು ವರ್ಷವಾಗಿತ್ತು, ವಯಸ್ಸು ಮೂವತ್ತೈದು. ಸ್ಪ್ರೂ ಮಾತ್ರ ಹೊರಡುವಾಗ ಎಷ್ಟು ದೂರ ಇತ್ತೋ ಅಷ್ಟೇ ದೂರ.

ಊರಿನ ಕಡೆಗೂ ಒಮ್ಮೆ ತಿರುಗಿ ನೋಡೋಣ. ಅವರು ಹೊರಟ ಮೇಲೆ ಹುಟ್ಟಿದ ಗಂಡುಮಗು ಎಳೆತನದಲ್ಲೇ ತೀರಿಕೊಂಡಿತು. ಅಪ್ಪ ಮಗನ ಮುಖ ನೋಡಲಿಲ್ಲ. ಇನ್ನೇನು ಬರುತ್ತೇನೆ, ಈ ಕೆಲಸ ಮುಗಿಯಲಿ ಅನ್ನುವುದರಲ್ಲೇ ವರ್ಷಗಳು ಹೋದವು. ಊರು ಬಿಟ್ಟ ನಮಗೆಲ್ಲ ಈ ಮಾತು ಗೊತ್ತು. ಬರುವ ಮೇ ರಜೆಗೆ ಖಂಡಿತ ಅಂತ ನಾವೂ ಎಷ್ಟು ಪತ್ರ ಬರೆದಿಲ್ಲ!

ಪಿಎಚ್.ಡಿ. ಆದ ಮೇಲೂ ಹಾರ್ವರ್ಡ್ ಅವರಿಗೆ ಖಾಯಂ ಪ್ರೊಫೆಸರ್ ಹುದ್ದೆ ಕೊಡಲಿಲ್ಲ. ಗೈಡ್–ಶಿಷ್ಯ ಸಂಬಂಧವೂ ಸರಳವಾಗಿರಲಿಲ್ಲ. ಆ ಕಾಲದಲ್ಲಿ ಅದೇ ಲ್ಯಾಬಿನಲ್ಲಿದ್ದ ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಪಡೆದವರು. ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕ್ ಬೆಳಕಿಗೆ ಬರಲು ಬಿಡಲಿಲ್ಲ, ಬೇರೆಯವರು ವರ್ಷಗಳ ನಂತರ ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು ಅಂತ ಅವರು ಹೇಳಿದ್ದಾರೆ. ಹೀಗಿದ್ದೂ ಸುಬ್ಬರಾಯರು ಫಿಸ್ಕ್ ಮೇಲೆ ಊರೆಲ್ಲ ದೂರು ಹೇಳಿಕೊಂಡು ತಿರುಗಿದವರಲ್ಲ.

ಇಲ್ಲಿ ನಮ್ಮ ಪರೇಲು ಕಥೆಯೊಳಗೆ ಬರುತ್ತದೆ.

ಸುಬ್ಬರಾಯರು ಬೋಸ್ಟನ್ನಿನಲ್ಲಿ ಸ್ನಾಯು ಅರೆಯುತ್ತಿದ್ದ ಕಾಲಕ್ಕೇ, 1928ರಲ್ಲಿ, ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ಡಾಕ್ಟರಮ್ಮ ಮುಂಬಯಿಗೆ ಬಂದಿಳಿದರು. ಇಲ್ಲಿಯ ಬಡ ಬಸುರಿಯರು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅದರಲ್ಲಿ ಗಿರಣಿಯಲ್ಲಿ ದುಡಿಯುವ ಹೆಂಗಸರೂ ಇದ್ದರು. ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನಲ್ಲಿ ಲೂಸಿ ವಿಲ್ಸ್ ಕೆಲಸ ಮಾಡಿದರು. ಆ ಹೆಂಗಸರು ಏನು ಉಣ್ಣುತ್ತಾರೆ ಅಂತ ಬರೆದುಕೊಂಡರು. ಅದೇ ಊಟವನ್ನು ಇಲಿಗಳಿಗೆ ಹಾಕಿ ನೋಡಿದರು. ಕೊನೆಗೆ ಯೀಸ್ಟ್ ಸಾರದಿಂದ ಮಾಡಿದ, ಇಂಗ್ಲಿಷರು ಬ್ರೆಡ್ಡಿಗೆ ಸವರುವ ಅಗ್ಗದ ಮಾರ್ಮೈಟ್ ಕೊಟ್ಟರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆ ಅಂತ ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿ ಏನೋ ಇದೆ. ಏನು ಅಂತ ಗೊತ್ತಿಲ್ಲ. ಆ "ಏನೋ"ಗೆ ವಿಲ್ಸ್ ಫ್ಯಾಕ್ಟರ್ ಅನ್ನುವ ಹೆಸರು ಬಿತ್ತು.

ಇಬ್ಬರೂ ಡಾಕ್ಟರುಗಳೇ. ಒಬ್ಬರು ರೋಗಿಯ ಪಕ್ಕದಲ್ಲೇ ನಿಂತು ಮದ್ದು ಕಂಡರು, ಅದು ಯಾವ ವಸ್ತು ಅಂತ ಕಾಣಲಿಲ್ಲ. ಇನ್ನೊಬ್ಬರು ರೋಗಿಯಿಂದ ಬಹಳ ದೂರ ಹೋಗಿ ವಸ್ತುವನ್ನು ಬೇರ್ಪಡಿಸುವ ವಿದ್ಯೆ ಕಲಿಯುತ್ತಿದ್ದರು, ಯಾವ ವಸ್ತು ಅಂತ ಇನ್ನೂ ತಿಳಿದಿರಲಿಲ್ಲ. ಎರಡು ದಾರಿಯೂ ಹೋಗಿ ಸೇರಿದ್ದು ಒಂದೇ ಕಡೆ.

ಬೋಸ್ಟನ್ನಿನಲ್ಲೇ ಮೈನಾಟ್ ಮತ್ತು ಮರ್ಫಿ 1926ರಲ್ಲಿ ಪರ್ನಿಷಿಯಸ್ ಅನೀಮಿಯಾ ರೋಗಿಗಳಿಗೆ ದಿನವೂ ಲಿವರ್ ತಿನ್ನಿಸಿ ಬದುಕಿಸಿದ್ದರು. ಲಿವರಿನಲ್ಲೂ "ಏನೋ" ಇದೆ. ಸುಬ್ಬರಾಯರು ಮೂವತ್ತರ ದಶಕದಲ್ಲಿ ಅದರ ಬೆನ್ನು ಹತ್ತಿದರು. ಫಾಸ್ಫರಸ್ ಹುಡುಕುವಾಗ ಕಲಿತ ಪ್ರತಿಯೊಂದು ಕೈಚಳಕವೂ, ಸೋಸುವುದು, ಗಷ್ಟುಗಟ್ಟಿಸುವುದು, ಮತ್ತೆ ಕರಗಿಸುವುದು, ಇಲ್ಲಿ ಕೆಲಸಕ್ಕೆ ಬಂತು. 1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿ ಸಂಶೋಧನೆಯ ಹೊಣೆ ಅವರ ಕೈಗೆ ಬಂತು.

1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಒಂದು ವಸ್ತುವನ್ನು ಹಿಡಿದಿದ್ದರು. ಎಲೆಯಿಂದ ಬಂದದ್ದಕ್ಕೆ ಫೋಲಿಕ್ ಆ್ಯಸಿಡ್ ಅಂತ ಹೆಸರಿಟ್ಟರು. ಸುಬ್ಬರಾಯರ ತಂಡ ಲಿವರಿನಲ್ಲಿ ಹುಡುಕುತ್ತ ಹೋಗಿ ತಲುಪಿದ್ದು ಅಲ್ಲಿಗೇ. 1945ರಲ್ಲಿ ಅವರು ಅದರ ರಚನೆ ಬಿಡಿಸಿ ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡರು. ಪರೇಲಿನಲ್ಲಿ ಲೂಸಿ ವಿಲ್ಸ್ ಕಂಡ "ಏನೋ" ಇದೇ ಅಂತ ತಿಳಿಯಿತು. ಟಾಮ್ ಸ್ಪೈಸ್ ಅನ್ನುವ ಡಾಕ್ಟರು ಅದನ್ನು ಕ್ಯೂಬಾದ ಸ್ಪ್ರೂ ರೋಗಿಗಳಿಗೆ ಕೊಟ್ಟರು. ಕಡ್ಡಿಯಾಗಿದ್ದವರು ಎದ್ದು ಕೂತರು, ಉಣ್ಣತೊಡಗಿದರು.

ಅಣ್ಣತಮ್ಮಂದಿರನ್ನು ಕೊಂದ ರೋಗಕ್ಕೆ ಉತ್ತರ ಸಿಕ್ಕಿತು. ಬೋಸ್ಟನ್ನಿಗೆ ಇಳಿದು 22 ವರ್ಷಕ್ಕೆ.

ನಮ್ಮ ಧಾರವಾಡದ ಡಾಕ್ಟರಿಗೆ ಈ ಕಥೆ ಹೇಳಿದ್ದೆ. ಆಗ ಅವರ ಥೀಸಿಸ್ಸಿಗೆ ನಾಲ್ಕನೆಯ ವರ್ಷ, ಬಿಟ್ಟುಬಿಡುವ ಮಾತಾಡುತ್ತಿದ್ದರು. ಸುಮ್ಮನೆ ಕೇಳಿ, "ಅಂದ್ರ ಅವರ ಮನಿಯವರಿಗೆ ಏನ್ ಸಿಕ್ತ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯವರಿಗೆ ಏನೂ ಸಿಗಲಿಲ್ಲ, ನಿಜ. ಸಂಶೋಧನೆಯ ಕ್ರೂರ ಲೆಕ್ಕ ಇದು. ಯಾರ ನೋವಿನಿಂದ ಪ್ರಶ್ನೆ ಹುಟ್ಟಿತೋ ಅವರಿಗೆ ಉತ್ತರ ತಲುಪುವುದು ಅಪರೂಪ. ತಲುಪುವುದು ಇನ್ಯಾರದೋ ಮನೆಗೆ, ಹೆಸರೂ ಗೊತ್ತಿಲ್ಲದವರಿಗೆ. ಇದನ್ನು ಒಪ್ಪಿಕೊಂಡ ಡಾಕ್ಟರು ಮಾತ್ರ ಕೊಳವೆಯ ಮುಂದೆ ಕೂರಬಲ್ಲ. ಅವರು ಬಿಡಲಿಲ್ಲ. ಇನ್ನೂ ಎರಡೂವರೆ ವರ್ಷ ಕೂತರು, ಮುಗಿಸಿದರು.

ಸುಬ್ಬರಾಯರ ಕೊನೆಯ ವರ್ಷಗಳ ವೇಗ ಕಂಡರೆ ಆಶ್ಚರ್ಯವಾಗುತ್ತದೆ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ಫೋಲಿಕ್ ಆ್ಯಸಿಡ್ ಜಾತಿಯ ವಸ್ತು ಕೊಟ್ಟರೆ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ರೋಗ ಇನ್ನೂ ಕೆರಳುವಂತಿದೆ ಅಂತ ಗಮನಿಸಿದರು. ಹಾಗಾದರೆ ಫೋಲಿಕ್ ಆ್ಯಸಿಡ್ಡಿನ ದಾರಿಗೆ ಅಡ್ಡ ನಿಲ್ಲುವ ವಸ್ತು ಕೊಟ್ಟರೆ? ಲೆಡರ್ಲೆ ತಂಡ ಅಂಥವನ್ನು ತಯಾರಿಸಿ ಕಳಿಸಿತು. ಅದರಲ್ಲಿ ಒಂದು ಅಮಿನೋಪ್ಟೆರಿನ್. ಜೂನ್ 1948ರಲ್ಲಿ ಫಾರ್ಬರ್ ಪ್ರಕಟಿಸಿದ ಲೆಕ್ಕದಲ್ಲಿ, ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲಕ್ಕಾದರೂ ಚೇತರಿಸಿಕೊಂಡಿದ್ದರು. ಆ ದಿನಗಳಲ್ಲಿ ಈ ರೋಗ ಬಂದ ಮಗುವಿಗೆ ವಾರಗಳ, ತಿಂಗಳುಗಳ ಆಯಸ್ಸು ಅಷ್ಟೇ. ಕ್ಯಾನ್ಸರ್ ಕಿಮೋಥೆರಪಿಯ ಆರಂಭದ ಹೆಜ್ಜೆಗಳಲ್ಲಿ ಇದೊಂದು. ಅದರ ದಾಯಾದಿ ಮೆಥೋಟ್ರೆಕ್ಸೇಟ್ ಇವತ್ತೂ ಬಳಕೆಯಲ್ಲಿದೆ, ಕ್ಯಾನ್ಸರಿಗೂ ಕೀಲುಬೇನೆಗೂ. ಅದೇ ಲೆಡರ್ಲೆಯಲ್ಲಿ, ಅವರ ಕೈಕೆಳಗೆ, ಬೆಂಜಮಿನ್ ಡಗ್ಗರ್ ಕಂಡ ಆರಿಯೊಮೈಸಿನ್ 1948ರಲ್ಲಿ ಹೊರಬಂತು. ಟೆಟ್ರಾಸೈಕ್ಲಿನ್ ಜಾತಿಯ ಮೊದಲ ಆ್ಯಂಟಿಬಯೋಟಿಕ್ ಅದು.

ಕರಾವಳಿಯವನಾಗಿ ನಾನು ಹೇಳಲೇಬೇಕಾದದ್ದು ಇನ್ನೊಂದಿದೆ. 1947ರಲ್ಲಿ ಸುಬ್ಬರಾಯರೂ ಸಂಗಡಿಗರೂ ಹೆಟ್ರಾಜಾನ್ ಅನ್ನುವ ಮದ್ದು ತಂದರು. ಈಗ ಅದನ್ನು ಡಿ.ಇ.ಸಿ. ಅನ್ನುತ್ತಾರೆ. ಆನೆಕಾಲು ರೋಗದ ಮಾತ್ರೆ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದವರಿಗೂ, ಅತ್ತ ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೂ ಆನೆಕಾಲು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲೇ ಮೂವರಿದ್ದರು. ಒಬ್ಬ ಅಜ್ಜಿ ಮದುವೆಮನೆಗೆ ಬಂದರೂ ಸೀರೆಯ ನೆರಿಗೆಯಲ್ಲಿ ಕಾಲು ಮುಚ್ಚಿಕೊಂಡು ಮೂಲೆಯಲ್ಲೇ ಕೂರುತ್ತಿದ್ದಳು. ಊದಿ ಗಟ್ಟಿಯಾದ ಕಾಲನ್ನು ಯಾವ ಮಾತ್ರೆಯೂ ಮೊದಲಿನ ಹಾಗೆ ಮಾಡುವುದಿಲ್ಲ. ಆದರೆ ರಕ್ತದಲ್ಲಿರುವ ಹುಳುವಿನ ಮರಿಗಳನ್ನು ಡಿ.ಇ.ಸಿ. ಕೊಲ್ಲುತ್ತದೆ. ಹಾಗಾಗಿ ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ದಾಟುವುದು ನಿಲ್ಲುತ್ತದೆ. ಈ ಮರಿಗಳು ಹೊರ ರಕ್ತಕ್ಕೆ ಬರುವುದು ರಾತ್ರಿ ಹೊತ್ತು. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಎಂಟರ ಮೇಲೆ ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದದ್ದು. 2004ರಿಂದ ದೇಶದ ಆನೆಕಾಲು ಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಈ ಮಾತ್ರೆ ನುಂಗಿಸುವ ಕಾರ್ಯಕ್ರಮ ಶುರುವಾಯಿತು. ನಮ್ಮ ಕೇರಿಯ ಈಗಿನ ಮಕ್ಕಳಿಗೆ ಆನೆಕಾಲು ಅಂದರೆ ಅಜ್ಜಿಕಥೆ.

1948ರ ಆಗಸ್ಟ್ 8ರ ರಾತ್ರಿ ಮಲಗಿದ ಸುಬ್ಬರಾಯರು ಮತ್ತೆ ಏಳಲಿಲ್ಲ. ಹೃದಯಾಘಾತ. ವಯಸ್ಸು 53. ಫಾರ್ಬರ್ ಪ್ರಕಟಿಸಿ ಎರಡು ತಿಂಗಳಾಗಿತ್ತಷ್ಟೇ. 25 ವರ್ಷದ ಅಮೆರಿಕವಾಸದಲ್ಲಿ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಶೇಷಗಿರಿಯಮ್ಮನವರಿಗೆ ಹೋದ ಗಂಡ ಹೋದಂತೆಯೇ.

ಒಬ್ಬ ಡಾಕ್ಟರು ಸಂಶೋಧನೆಗೆ ಹೋದರೆ ಆಗುವ ಲಾಭ ನಷ್ಟದ ಲೆಕ್ಕ ಬರೆಯುವಾಗ ಒಂದು ಕಾಲಂ ಶೇಷಗಿರಿಯಮ್ಮನವರ ಹೆಸರಿನಲ್ಲೂ ಇರಬೇಕು. ಅವರನ್ನು ಬಿಟ್ಟು ಬರೆದ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಕಾಲಂ ನಿಮ್ಮ ಮನೆಯಲ್ಲೇ ಸಿಗುತ್ತದೆ. ಮಾತ್ರೆಯ ಡಬ್ಬ ತೆಗೆದು ನೋಡಿ. ಮಗಳೋ ಸೊಸೆಯೋ ಬಸುರಿಯಾಗಿದ್ದರೆ ಫೋಲಿಕ್ ಆ್ಯಸಿಡ್ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಸಂಧಿವಾತ ಇದ್ದರೆ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಇರಬಹುದು. ಊರಲ್ಲಿದ್ದಾಗ ಆಶಾ ಕಾರ್ಯಕರ್ತೆ ಎದುರಿಗೇ ನಿಂತು ಡಿ.ಇ.ಸಿ. ನುಂಗಿಸಿರಬಹುದು. ಯಾವುದರ ಮೇಲೂ ಸುಬ್ಬರಾವ್ ಅಂತ ಅಚ್ಚಾಗಿಲ್ಲ. ಅವರ ಹೆಸರು ಉಳಿದದ್ದು ಆ ನೀಲಿ ಬಣ್ಣದ ಪರೀಕ್ಷೆಯಲ್ಲಿ, ರೋಗಿಯಿಂದ ಬಹಳ ದೂರ ಬಂದೆ ಅಂತ ಅವರಿಗೆ ಅನ್ನಿಸಿರಬಹುದಾದ ವರ್ಷಗಳ ಕೆಲಸದಲ್ಲಿ.